ಯಾವ ಸಂಕೇತದಲ್ಲಿ ಉಳಿಸಲಿ? ಆಸ್ಕಿಯಿಂದ ಯುಟಿಎಫ್-32ರವರೆಗೆ ಒಂದು ಹೋಲಿಕೆ

ಫೈಲೊಂದರಲ್ಲಿ ಮೂರು ಬೈಟುಗಳಿವೆ (ಬೈಟು ಎಂದರೆ ಎಂಟು ಬಿಟ್, ಅಂದರೆ ಎಂಟು ಸೊನ್ನೆ-ಒಂದುಗಳು ಸೇರಿ ಆಗುವ, 0ಯಿಂದ 255ರವರೆಗಿನ ಒಂದು ಸಂಖ್ಯೆ): 224, 178, 149. ಯುಟಿಎಫ್-8 ಎಂದುಕೊಂಡು ಓದಿದರೆ ಅದು ‘ಕ’. ವಿಂಡೋಸ್-1252 ಎಂದುಕೊಂಡು ಓದಿದರೆ ತಲೆಯ ಮೇಲೆ ಓರೆ ಗೀಟಿರುವ ಒಂದು ಲ್ಯಾಟಿನ್ ಅಕ್ಷರ, ಮೇಲಕ್ಕೆತ್ತಿ ಬರೆದ ಪುಟ್ಟ 2, ಆಮೇಲೆ ಒಂದು ದಪ್ಪ ಚುಕ್ಕಿ. ಬೈಟುಗಳಲ್ಲಿ ಒಂದೇ ಒಂದು ಬಿಟ್ ಕೂಡ ಬದಲಾಗಿಲ್ಲ. ಬದಲಾದದ್ದು ಓದುವ ಪ್ರೋಗ್ರಾಂ ಹಿಡಿದ ಪಟ್ಟಿ ಮಾತ್ರ.

ಯಾವ ಸಂಖ್ಯೆ ಯಾವ ಅಕ್ಷರ ಎಂದು ಹೇಳುವ ಈ ಪಟ್ಟಿಯನ್ನೇ ಸಂಕೇತ, ಇಂಗ್ಲಿಷಿನಲ್ಲಿ ಎನ್‌ಕೋಡಿಂಗ್ ಅನ್ನುತ್ತೇವೆ. ಫೈಲ್ ಉಳಿಸುವಾಗ, ಡೇಟಾಬೇಸಿನಲ್ಲಿ ಟೇಬಲ್ ಮಾಡುವಾಗ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಪಠ್ಯ ಸಾಗಿಸುವಾಗ ಹತ್ತಾರು ಹೆಸರುಗಳ ಪಟ್ಟಿ ಎದುರಿಗೆ ಬಂದು ನಿಲ್ಲುತ್ತದೆ. ಬಹಳ ಜನ ಮೊದಲು ಕಂಡದ್ದನ್ನು ಒತ್ತಿ ಮುಂದೆ ಹೋಗಿಬಿಡುತ್ತಾರೆ. ಏನು ಆರಿಸಬೇಕು ಎಂದು ಕೇಳಿದರೆ ನನ್ನ ಉತ್ತರ ಯುಟಿಎಫ್-8, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಯಾಕೆ ಅದು, ಎಲ್ಲಿ ಅದು ಸಾಲದು, ಅದನ್ನೇ ಆರಿಸಿದ ಮೇಲೂ ಯಾಕೆ ಅಕ್ಷರ ಕೆಡುತ್ತವೆ ಎಂಬುದು ಗೊತ್ತಿದ್ದರೆ ಮಾತ್ರ ಆ ಆಯ್ಕೆಯಿಂದ ಪ್ರಯೋಜನ. ಈ ಬೈಟುಗಳನ್ನು ಮುಂದೆ ಓದುವವರು ಯಾರು, ಅವರು ಯಾವ ಪಟ್ಟಿ ಹಿಡಿದಿರುತ್ತಾರೆ? ಕೆಳಗಿನ ಒಂದೊಂದು ಆಯ್ಕೆಯನ್ನೂ ಈ ಪ್ರಶ್ನೆಯಿಂದಲೇ ಅಳೆಯುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ

‘ಯೂನಿಕೋಡ್ ಬೇಕೋ, ಯುಟಿಎಫ್-8 ಬೇಕೋ’ ಎಂದು ಕೇಳುವವರಿದ್ದಾರೆ. ಇವು ಎದುರುಬದುರು ನಿಲ್ಲುವ ಆಯ್ಕೆಗಳಲ್ಲ. ಕೆಲಸ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ. ಮೊದಲನೆಯದು ಅಕ್ಷರಕ್ಕೊಂದು ಸಂಖ್ಯೆ ಕೊಡುವುದು. ಇದು ಯೂನಿಕೋಡಿನ ಕೆಲಸ. ‘ಕ’ಗೆ ಅಲ್ಲಿ ಸಿಕ್ಕಿರುವ ಸಂಖ್ಯೆ 3221. ಎರಡನೆಯದು ಆ ಸಂಖ್ಯೆಯನ್ನು ಬೈಟುಗಳಲ್ಲಿ ಹೇಗೆ ಬರೆದಿಡುವುದು ಎಂಬುದು. ಯುಟಿಎಫ್-8, ಯುಟಿಎಫ್-16, ಯುಟಿಎಫ್-32 ಬೇರೆಯಾಗುವುದು ಇಲ್ಲಿ. ಮೂರರಲ್ಲೂ ‘ಕ’ ಎಂದರೆ ಅದೇ 3221. ಬರೆದಿಡುವ ಕ್ರಮ ಮಾತ್ರ ಬೇರೆ.

ಹಳೆಯ ಸಂಕೇತಗಳಲ್ಲಿ ಈ ಎರಡು ಹೆಜ್ಜೆಗಳ ನಡುವೆ ವ್ಯತ್ಯಾಸವೇ ಇರಲಿಲ್ಲ. ಸಂಖ್ಯೆ ಏನೋ ಬೈಟೂ ಅದೇ. ಹಾಗಾಗಿ ಅವು ಸರಳ, ಹಾಗಾಗಿಯೇ ಅವು ಇಕ್ಕಟ್ಟು ಕೂಡ.

ಆಸ್ಕಿ: ಚಿಕ್ಕದು, ಗಟ್ಟಿಯಾದದ್ದು

1963ರಲ್ಲಿ ಅಮೆರಿಕದಲ್ಲಿ ಮಾನಕವಾಗಿ ಬಂದ ಆಸ್ಕಿ ಏಳು ಬಿಟ್‌ಗಳ ಸಂಕೇತ. ಏಳು ಬಿಟ್ ಎಂದರೆ 128 ಸ್ಥಾನ. ಅವುಗಳಲ್ಲಿ 33 ಯಂತ್ರಕ್ಕೆ ಕೊಡುವ ಸೂಚನೆಗಳು, ಉಳಿದ 95 ಅಚ್ಚಾಗುವಂಥವು (ಖಾಲಿ ಜಾಗವೂ ಸೇರಿ). ಮೊದಲ ಆವೃತ್ತಿಯಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳೇ ಇರಲಿಲ್ಲ. 1967ರ ಪರಿಷ್ಕರಣೆಯ ನಂತರ ಇಂದು ನಾವು ನೋಡುವ ರೂಪ ನೆಲೆಯಾಯಿತು.

ಇದನ್ನು ಜೋಡಿಸಿದವರ ಜಾಣತನವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದೊಡ್ಡ ‘ಎ’ಯ ಸಂಖ್ಯೆ 65, ಬಿಟ್‌ಗಳಲ್ಲಿ 1000001. ಸಣ್ಣ ‘ಎ’ 97, ಅಂದರೆ 1100001. ನಡುವಿನ ವ್ಯತ್ಯಾಸ 32, ಒಂದೇ ಬಿಟ್. ಆ ಒಂದು ಬಿಟ್ ತಿರುಗಿಸಿದರೆ ದೊಡ್ಡಕ್ಷರ ಸಣ್ಣದಾಗುತ್ತದೆ, ಇಡೀ ವರ್ಣಮಾಲೆಗೆ ಇದೇ ಸೂತ್ರ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು 48ರಿಂದ 57ರಲ್ಲಿ ಸಾಲಾಗಿ ಕೂತಿವೆ. ಕೊನೆಯ ನಾಲ್ಕು ಬಿಟ್ ಓದಿದರೆ ಅಂಕಿಯ ಬೆಲೆಯೇ ಸಿಗುತ್ತದೆ. ಅಳಿಸುವ ಸೂಚನೆಗೆ 127, ಏಳೂ ಬಿಟ್ 1. ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ತಪ್ಪಾದ ಅಕ್ಷರವನ್ನು ಅಳಿಸಲು ಉಳಿದ ಎಲ್ಲ ಜಾಗಕ್ಕೂ ತೂತು ಹೊಡೆದುಬಿಡುತ್ತಿದ್ದರು, ಅದರ ನೆನಪು ಇದು.

ಅದೇ ಕಾಲದಲ್ಲಿ ಐಬಿಎಂ ತನ್ನ ದೊಡ್ಡ ಕಂಪ್ಯೂಟರುಗಳಿಗೆ ತಂದ ಎಬ್ಸಿಡಿಕ್ ಎಂಟು ಬಿಟ್‌ನದು. ಅದರಲ್ಲಿ ‘ಎ’ಯಿಂದ ‘ಐ’ವರೆಗೆ 193–201, ಮುಂದಿನ ‘ಜೆ’ ಇರುವುದು 209ರಲ್ಲಿ. ನಡುವೆ ಕಂದಕ. ‘ಎ’ಯಿಂದ ‘ಝಡ್’ವರೆಗೆ ಒಂದೊಂದೇ ಕೂಡಿಸುತ್ತ ಹೋಗುವ ಪ್ರೋಗ್ರಾಂ ಇಲ್ಲಿ ದಾರಿ ತಪ್ಪುತ್ತದೆ. ಹಳೆಯ ಮೇನ್‌ಫ್ರೇಮಿನಿಂದ ಬಂದ ಫೈಲ್ ಕೈಗೆ ಸಿಕ್ಕರೆ ಹೊರತು ನೀವು ಎಬ್ಸಿಡಿಕ್ ಆರಿಸುವ ಸಂದರ್ಭವೇ ಬರುವುದಿಲ್ಲ.

ಆಸ್ಕಿಯನ್ನೇ ಆರಿಸಬೇಕಾದದ್ದು ಯಾವಾಗ? ಸಂರಚನಾ ಫೈಲುಗಳು, ಯಂತ್ರದಿಂದ ಯಂತ್ರಕ್ಕೆ ಹೋಗುವ ಆಜ್ಞೆಗಳು, ಫೈಲಿನ ಹೆಸರುಗಳು, ಸಣ್ಣ ನೆನಪಿನ ಚಿಪ್‌ಗಳು. ಇಲ್ಲಿ ಆಸ್ಕಿಯಷ್ಟು ಭದ್ರವಾದದ್ದು ಇನ್ನೊಂದಿಲ್ಲ, ಯಾಕೆಂದರೆ ಆಸ್ಕಿಯಲ್ಲಿ ಬರೆದದ್ದನ್ನು ಯುಟಿಎಫ್-8 ಪಟ್ಟಿ ಹಿಡಿದವರೂ, ವಿಂಡೋಸ್-1252 ಹಿಡಿದವರೂ ಒಂದೇ ರೀತಿ ಓದುತ್ತಾರೆ. ಬೇರೆ ಯಾವ ಲಿಪಿಯೂ ಅದರಲ್ಲಿ ಹಿಡಿಸುವುದಿಲ್ಲ ಎಂಬುದೊಂದೇ ಕೊರತೆ. ಆ ಕೊರತೆ ಚಿಕ್ಕದಲ್ಲ.

256 ಸ್ಥಾನಗಳ ಇಕ್ಕಟ್ಟು

ಎಂಟನೇ ಬಿಟ್ ಬಳಸಿಕೊಂಡರೆ ಇನ್ನೂ 128 ಜಾಗ ಸಿಗುತ್ತದೆ. ಆ ಜಾಗವನ್ನು ಪ್ರತಿಯೊಬ್ಬರೂ ತಮಗೆ ಬೇಕಾದಂತೆ ತುಂಬಿಸಿಕೊಂಡರು. ಪಶ್ಚಿಮ ಯುರೋಪಿನ ಭಾಷೆಗಳಿಗೆ ಐಎಸ್‌ಒ 8859-1, ಸಿರಿಲಿಕ್ ಲಿಪಿಗೆ 8859-5, ಗ್ರೀಕ್‌ಗೆ 8859-7. ಬೈಟು ಒಂದೇ, ಪಟ್ಟಿ ಹತ್ತಾರು. ವಿಂಡೋಸ್-1252 ಎಂಬುದು 8859-1ರ ಅಣ್ಣತಮ್ಮನಂತೆ. 128ರಿಂದ 159ರವರೆಗಿನ ಸ್ಥಾನಗಳಲ್ಲಿ ಯೂರೋ ಗುರುತು, ಬಾಗಿದ ಉದ್ಧರಣ ಚಿಹ್ನೆಗಳನ್ನೆಲ್ಲ ಸೇರಿಸಿಕೊಂಡಿತು. ಅದರಲ್ಲಿ ಐದು ಸ್ಥಾನ ಮಾತ್ರ ಖಾಲಿ ಉಳಿದವು: 129, 141, 143, 144, 157. ಈ ಐದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಭಾರತದ ಲಿಪಿಗಳಿಗಾಗಿ 1991ರಲ್ಲಿ ಮಾನಕವಾದ ಇಸ್ಕಿ ಬೇರೆಯೇ ದಾರಿ ಹಿಡಿಯಿತು. ಎಲ್ಲ ಲಿಪಿಗಳ ‘ಕ’ಕ್ಕೂ ಒಂದೇ ಸಂಖ್ಯೆ, ಯಾವ ಲಿಪಿಯಲ್ಲಿ ತೋರಿಸಬೇಕು ಎಂಬುದಕ್ಕೆ ಪ್ರತ್ಯೇಕ ಸೂಚನೆ. ಅದರ ಹಿಂದಿನ ರೂಪದ ಜೋಡಣೆಯನ್ನೇ ಯೂನಿಕೋಡ್ ಅನುಸರಿಸಿದ್ದರಿಂದ ಇಂದಿಗೂ ತೆಲುಗಿನ ‘ಕ’ದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ‘ಕ’ ಬರುತ್ತದೆ. ನನಗೆ ಇದು ಬಹಳ ಇಷ್ಟವಾದ ಲೆಕ್ಕ.

ಇನ್ನೊಂದು ದಾರಿಯೂ ಇತ್ತು: ಸಂಕೇತ ಆಸ್ಕಿಯ ಕುಟುಂಬದ್ದೇ ಇರಲಿ, ಫಾಂಟಿನಲ್ಲಿ ಮಾತ್ರ ಆಕಾರ ಬದಲಿಸೋಣ ಎಂಬುದು. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ‘ಕನ್ನಡ’ ಎಂದು ಟೈಪಿಸಿದ ಪದವನ್ನು ಬೇರೆ ಫಾಂಟಿನಲ್ಲಿ ತೆರೆದರೆ ನಡುವೆ ಪೌಂಡ್ ಹಣದ ಗುರುತು ಕಾಣುತ್ತದೆ. ಯಾಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಪೌಂಡ್ ಗುರುತೇ. ‘ನ’ದಂತೆ ಕಾಣಿಸುತ್ತಿದ್ದುದು ಫಾಂಟಿನ ಕೆಲಸ. ಅಕ್ಷರಗಳು ತೆರೆಯ ಮೇಲೆ ಅಚ್ಚುಕಟ್ಟಾಗಿ ಕಾಣದ ಕಾಲದಲ್ಲಿ ಈ ಉಪಾಯ ಎಷ್ಟೋ ಪುಸ್ತಕಗಳನ್ನು ಅಚ್ಚು ಹಾಕಿಸಿತು, ಆ ಋಣ ದೊಡ್ಡದು. ಆದರೆ ಹುಡುಕಾಟ, ಅಕಾರಾದಿ ಜೋಡಣೆ, ಓದಿ ಹೇಳುವ ತಂತ್ರಾಂಶ, ಇದ್ಯಾವುದಕ್ಕೂ ಆ ಪಠ್ಯ ಕನ್ನಡವಲ್ಲ. ಇವತ್ತು ಹೊಸದಾಗಿ ಯಾವುದನ್ನೂ ಹೀಗೆ ಉಳಿಸಬೇಡಿ. ಇರುವುದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ, ಮೂಲವನ್ನೂ ಹಾಗೇ ಇಟ್ಟುಕೊಳ್ಳಿ; ಪರಿವರ್ತನೆಯಲ್ಲಿ ಒತ್ತಕ್ಷರಗಳು ಅದಲುಬದಲಾದರೆ ತಾಳೆ ನೋಡಲು ಬೇಕಾಗುತ್ತದೆ.

ಯುಟಿಎಫ್-8 ಹೇಗೆ ಕೆಲಸ ಮಾಡುತ್ತದೆ

1992ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಊಟದ ಜಾಗದಲ್ಲಿ ತಟ್ಟೆಯಡಿಯ ಕಾಗದದ ಮೇಲೆ ಇದರ ರೂಪ ಬರೆದರು. ಇಂದು ಜಾಲತಾಣಗಳಲ್ಲಿ ನೂರಕ್ಕೆ 98ರಷ್ಟು ಬಳಸುವುದು ಇದನ್ನೇ.

‘ಕ’ವನ್ನೇ ತೆಗೆದುಕೊಳ್ಳೋಣ. 3221ನ್ನು ಬಿಟ್‌ಗಳಲ್ಲಿ ಬರೆದರೆ 110010010101, ಒಟ್ಟು ಹನ್ನೆರಡು. ಮೂರು ಬೈಟಿನ ಚೌಕಟ್ಟಿನಲ್ಲಿ 16 ಬಿಟ್‌ಗೆ ಜಾಗವಿರುವುದರಿಂದ ಮುಂದೆ ನಾಲ್ಕು ಸೊನ್ನೆ ಸೇರಿಸಿ, ನಾಲ್ಕು, ಆರು, ಆರು ಎಂದು ಕತ್ತರಿಸಿ: 0000, 110010, 010101. ಈಗ ಮೊದಲ ತುಂಡಿನ ಮುಂದೆ 1110 ಇಡಿ, ಉಳಿದೆರಡರ ಮುಂದೆ 10 ಇಡಿ. ಸಿಗುವುದು 11100000, 10110010, 10010101. ದಶಮಾಂಶದಲ್ಲಿ 224, 178, 149. ಮೊದಲು ನೋಡಿದ ಆ ಮೂರು ಬೈಟುಗಳು.

ಆ ಮುಂದಿನ ಗುರುತುಗಳಲ್ಲೇ ಇದರ ಸೊಗಸಿದೆ. ಬೈಟು 0ಯಿಂದ ಶುರುವಾದರೆ ಅದು ಶುದ್ಧ ಆಸ್ಕಿ, ಒಂಟಿ ಬೈಟು. 110 ಎಂದರೆ ಎರಡು ಬೈಟಿನ ಅಕ್ಷರ ಶುರು, 1110 ಎಂದರೆ ಮೂರರದು, 11110 ಎಂದರೆ ನಾಲ್ಕರದು. 10 ಎಂದರೆ ‘ನಾನು ನಡುವಿನವನು, ಶುರು ಹಿಂದೆಲ್ಲೋ ಇದೆ’. ಫೈಲಿನ ನಟ್ಟನಡುವೆ ಎಲ್ಲೇ ಬಿದ್ದರೂ ಹೆಚ್ಚೆಂದರೆ ಮೂರು ಬೈಟು ಹಿಂದೆ ಸರಿದರೆ ಅಕ್ಷರದ ಶುರು ಸಿಗುತ್ತದೆ. ಒಂದು ಬೈಟು ಕಳೆದುಹೋದರೆ ಒಂದು ಅಕ್ಷರ ಹೋಗುತ್ತದೆ, ಉಳಿದ ಪಠ್ಯ ಬದುಕುತ್ತದೆ. ಜಪಾನಿನ ಒಂದು ಸಂಕೇತವಾದ ಶಿಫ್ಟ್-ಜಿಸ್‌ನಲ್ಲಿ ಎರಡನೇ ಬೈಟು ಆಸ್ಕಿಯ ಹಿಂಬಾಗಿದ ಗೀಟಿನ (\) ಸಂಖ್ಯೆಯೇ ಆಗಿಬಿಡಬಹುದು, ಅದನ್ನು ಕಂಡ ಪ್ರೋಗ್ರಾಂ ಏನೋ ಸೂಚನೆ ಎಂದುಕೊಳ್ಳುತ್ತದೆ. ಯುಟಿಎಫ್-8ರಲ್ಲಿ ಹಾಗೆ ಆಗಲು ಸಾಧ್ಯವೇ ಇಲ್ಲ. ಜೊತೆಗೆ, ಬೈಟುಗಳ ಪ್ರಕಾರ ವಿಂಗಡಿಸಿದರೂ ಯೂನಿಕೋಡ್ ಸಂಖ್ಯೆಗಳ ಪ್ರಕಾರ ವಿಂಗಡಿಸಿದರೂ ಕ್ರಮ ಒಂದೇ ಬರುತ್ತದೆ.

ಬೆಲೆಯೂ ಇದೆ. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮ ಚಿಹ್ನೆ (ಅಕ್ಷರದ ಸ್ವರ ತೆಗೆದು ಒತ್ತು ಕೂಡಿಸುವ ಗುರುತು), ನ, ಡ ಎಂದು ಐದು ಸಂಕೇತಗಳು (ಇಲ್ಲಿ ಸಂಕೇತವೆಂದರೆ ಯೂನಿಕೋಡ್ ಸಂಖ್ಯೆಯುಳ್ಳ ಒಂದೊಂದು ಚಿಹ್ನೆ), 15 ಬೈಟು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಆರು ಸಂಕೇತ, 18 ಬೈಟು. ಇದನ್ನು ಕಂಡು ‘ನಮ್ಮ ಲಿಪಿಗೆ ಅನ್ಯಾಯ’ ಎಂದು ಬೇಸರಪಡುವವರ ಮಾತು ಲೆಕ್ಕದಲ್ಲಿ ನಿಜ. ಆದರೆ ಕನ್ನಡದ ಎಲ್ಲ ಚಿಹ್ನೆಗಳೂ 224, 178 ಅಥವಾ 224, 179ರಿಂದಲೇ ಶುರುವಾಗುವುದರಿಂದ ಜಿಪ್ ಮಾಡಿದಾಗ ಈ ಪುನರಾವರ್ತನೆ ಚೆನ್ನಾಗಿ ಕುಗ್ಗುತ್ತದೆ. ಪಠ್ಯದ ಗಾತ್ರಕ್ಕೆ ಹೆದರಿ ಯುಟಿಎಫ್-8 ಬಿಡಬೇಕಾಗಿಲ್ಲ.

ಯುಟಿಎಫ್-16, ಯುಟಿಎಫ್-32

1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗ 16 ಬಿಟ್, ಅಂದರೆ 65,536 ಸ್ಥಾನ, ಜಗತ್ತಿನ ಎಲ್ಲ ಲಿಪಿಗಳಿಗೂ ಸಾಕು ಎಂಬ ನಂಬಿಕೆಯಿತ್ತು. ವಿಂಡೋಸ್ ಎನ್‌ಟಿ, ಪ್ರೋಗ್ರಾಂ ಬರೆಯುವ ಭಾಷೆಗಳಾದ ಜಾವಾ, ಜಾವಾಸ್ಕ್ರಿಪ್ಟ್ ಆ ನಂಬಿಕೆಯ ಮೇಲೆ ನಿಂತವು. 1996ರ ಎರಡನೇ ಆವೃತ್ತಿಯ ಹೊತ್ತಿಗೆ ಅದು ಸಾಲದೆಂದು ಖಚಿತವಾಗಿ, ಆಚೆಗಿನ ಅಕ್ಷರಗಳಿಗೆ ಎರಡು ಹದಿನಾರು-ಬಿಟ್ ತುಂಡುಗಳ ಜೋಡಿ ಬಳಸುವ ಏರ್ಪಾಡು ಬಂತು. ಈಗ ಯೂನಿಕೋಡಿನ ಒಟ್ಟು ಸ್ಥಾನ 11,14,112. ತುಂಬಿರುವುದು ಒಂದೂವರೆ ಲಕ್ಷದ ಸುಮಾರು.

ಯುಟಿಎಫ್-16ರಲ್ಲಿ ಕನ್ನಡದ ಚಿಹ್ನೆಗೆ ಎರಡೇ ಬೈಟು. ‘ಕನ್ನಡ’ 10 ಬೈಟಿಗೆ ಇಳಿಯುತ್ತದೆ. ಆದರೆ ‘ಕ’ದ ಎರಡು ಬೈಟು 12, 149 ಎಂದು ಬರೆಯುವುದೋ 149, 12 ಎಂದೋ? ಎರಡೂ ಪದ್ಧತಿ ಇವೆ. ಅದಕ್ಕೇ ಫೈಲಿನ ತಲೆಯಲ್ಲಿ ಕ್ರಮ ತಿಳಿಸುವ ಗುರುತು, ಬಾಮ್, ಇಡುವ ರೂಢಿ ಬಂತು. ಆಸ್ಕಿ ಅಕ್ಷರಗಳೂ ಇಲ್ಲಿ ಎರಡು ಬೈಟು ತಿನ್ನುತ್ತವೆ. ಅದರಲ್ಲೊಂದು ಸೊನ್ನೆ, ಆ ಸೊನ್ನೆಯನ್ನು ಪಠ್ಯದ ಕೊನೆ ಎಂದುಕೊಳ್ಳುವ ಹಳೆಯ ಪ್ರೋಗ್ರಾಂಗಳು ಬಹಳ ಇವೆ. ವಿಂಡೋಸಿನ ಒಳಗೆ, ಜಾವಾದ ಒಳಗೆ ಕೆಲಸ ಮಾಡುವಾಗ ಯುಟಿಎಫ್-16 ಹೇಗೂ ಇರುತ್ತದೆ, ಅದರ ಜೊತೆ ಜಗಳ ಬೇಡ. ಹೊರಗೆ ಕಳಿಸುವ ಫೈಲಿಗೆ ಮಾತ್ರ ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಜಾವಾ ಕೂಡ 2022ರ 18ನೇ ಆವೃತ್ತಿಯಿಂದ ಫೈಲ್ ಓದಿ ಬರೆಯುವಾಗ ಬೇರೆ ಹೇಳದಿದ್ದರೆ ಯುಟಿಎಫ್-8 ಎಂದೇ ಭಾವಿಸುತ್ತದೆ.

ಯುಟಿಎಫ್-32ರಲ್ಲಿ ಎಲ್ಲಕ್ಕೂ ನಾಲ್ಕು ಬೈಟು. ‘ನೂರನೇ ಅಕ್ಷರ ಯಾವುದು’ ಎಂದು ಥಟ್ಟನೆ ಹೇಳಬಹುದು ಎಂಬುದು ಇದರ ಪರವಾದ ವಾದ. ‘ಸ್ತ್ರೀ’ಯಲ್ಲಿ ಆರು ಸಂಕೇತ ಇರುವಾಗ ನೂರನೇ ಸಂಕೇತ ಎಂದರೆ ನೂರನೇ ಅಕ್ಷರವಲ್ಲವಲ್ಲ! ಪ್ರೋಗ್ರಾಂ ಒಳಗಿನ ತಾತ್ಕಾಲಿಕ ಲೆಕ್ಕಾಚಾರಕ್ಕೆ ಸರಿ, ಫೈಲಿಗೆ ಬೇಡ.

ಜಾಗ ಎಣಿಸಿ ಕೊಡುವ ಕಡೆ

ಮೊಬೈಲಿನ ಎಸ್ಎಂಎಸ್ ಒಂದರ ಒಡಲು 140 ಬೈಟು. ಏಳು ಬಿಟ್‌ನ ಪಟ್ಟಿಯಲ್ಲಿ ಅಷ್ಟರಲ್ಲಿ 160 ಅಕ್ಷರ ಹಿಡಿಸುತ್ತವೆ. ಆ ಪಟ್ಟಿಯಲ್ಲಿಲ್ಲದ ಒಂದೇ ಚಿಹ್ನೆ ಬಂದರೂ, ಎಲ್ಲಿಂದಲೋ ನಕಲಿಸಿ ತಂದ ಬಾಗಿದ ಉದ್ಧರಣ ಚಿಹ್ನೆಯೇ ಆದರೂ, ಇಡೀ ಸಂದೇಶ 16 ಬಿಟ್‌ಗೆ ಹೊರಳಿ ಮಿತಿ 70ಕ್ಕೆ ಇಳಿಯುತ್ತದೆ. ಕನ್ನಡದ ಸಂದೇಶಕ್ಕೆ ಸಾಮಾನ್ಯವಾಗಿ 70, ಅದರಲ್ಲಿ ‘ಸ್ತ್ರೀ’ ಒಂದಕ್ಕೇ ಆರು ಹೋಯಿತು. ಇಲ್ಲಿ ನಿಮಗೆ ಆಯ್ಕೆಯಿಲ್ಲ. ಸಂದೇಶವನ್ನು ಮೊದಲೇ ಚಿಕ್ಕದಾಗಿ ಬರೆಯುವುದೊಂದೇ ದಾರಿ.

ಡೇಟಾಬೇಸಿನಲ್ಲಿ ‘20’ ಎಂದು ಅಳತೆ ಕೊಟ್ಟಾಗ ಅದು 20 ಬೈಟೋ 20 ಸಂಕೇತವೋ ಎಂದು ಕೇಳಿ ತಿಳಿದುಕೊಳ್ಳಿ. ಬೈಟಾದರೆ ಕನ್ನಡದ ಆರೇ ಚಿಹ್ನೆ ಹಿಡಿಸುವುದು. ಮೈಎಸ್‌ಕ್ಯುಎಲ್‌ನಲ್ಲಿ ‘ಯುಟಿಎಫ್8’ ಎಂಬ ಹಳೆಯ ಹೆಸರಿನ ಆಯ್ಕೆ ಒಂದು ಸಂಕೇತಕ್ಕೆ ಮೂರೇ ಬೈಟು ಕೊಡುತ್ತದೆ. ಕನ್ನಡಕ್ಕೆ ಮೂರು ಸಾಕು, ಹಾಗಾಗಿ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಯಾರೋ ಒಬ್ಬರು ನಾಲ್ಕು ಬೈಟಿನ ನಗುಮುಖ ಕಳಿಸಿದ ದಿನ ದೋಷ ಹೊರಬೀಳುತ್ತದೆ. ‘ಯುಟಿಎಫ್8ಎಂಬಿ4’ ಎಂಬುದನ್ನೇ ಆರಿಸಿ.

ಅಕ್ಷರ ಕೆಟ್ಟಾಗ

ಹಲವು ನೂರು ಹೆಸರುಗಳ, ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಒಂದು ಸಿಎಸ್‌ವಿ ಫೈಲನ್ನು ನಾನು ಒಮ್ಮೆ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ತೆರೆದೆ. ಫೈಲು ಯುಟಿಎಫ್-8ರಲ್ಲೇ ಇತ್ತು. ತಂತ್ರಾಂಶ ಅದನ್ನು ವಿಂಡೋಸ್-1252 ಎಂದುಕೊಂಡಿತು. ಪುಟ್ಟ 2, ಪುಟ್ಟ 3ರ ಸಾಲುಸಾಲು. ಆಗಲೇ ಮುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ, ಫೈಲಿನ ಬೈಟುಗಳು ಹಾಗೇ ಇದ್ದವು. ಆದರೆ ಒಂದು ಕಾಲಂ ಸರಿಪಡಿಸಿ ಉಳಿಸಿಬಿಟ್ಟೆ. ಆಮೇಲೆ ಹಿಂದಿರುಗಿಸಲು ಕೂತಾಗ ಬಹುಪಾಲು ಅಕ್ಷರ ಬಂದವು, ಒತ್ತಕ್ಷರಗಳು ಮಾತ್ರ ಬಿಡಿಬಿಡಿಯಾಗಿ ಬಿದ್ದಿದ್ದವು, ಕೊಂಬುಗಳು ಮಾಯವಾಗಿದ್ದವು.

ಕಾರಣ ಆ ಐದು ಖಾಲಿ ಸ್ಥಾನಗಳು. ವಿರಾಮ ಚಿಹ್ನೆಯ ಮೂರನೇ ಬೈಟು 141. ಕೊಂಬಿನದು 129. ‘ಏ’ಯದು 143, ‘ಐ’ಯದು 144, ‘ಝ’ದ್ದು 157. ಐದಕ್ಕೆ ಐದೂ ವಿಂಡೋಸ್-1252ರಲ್ಲಿ ಅಕ್ಷರವಿಲ್ಲದ ಜಾಗಗಳು. ಕೆಲವು ತಂತ್ರಾಂಶಗಳು ಅಲ್ಲಿನ ಬೈಟನ್ನು ಕಾಣದ ಸಂಕೇತವಾಗಿ ಕಾಪಾಡುತ್ತವೆ, ಕೆಲವು ಎಸೆದುಬಿಡುತ್ತವೆ. ‘ಠ’ದ ಕೊನೆಯ ಬೈಟು 160, ಅದು ಆ ಪಟ್ಟಿಯಲ್ಲಿ ಮುರಿಯದ ಖಾಲಿ ಜಾಗ, ಅದನ್ನು ಮಾಮೂಲಿ ಖಾಲಿ ಜಾಗವಾಗಿ ಮಾಡುವ ತಂತ್ರಾಂಶದಲ್ಲಿ ‘ಠ’ ಹೋಯಿತು.

ಹಾಗಾಗಿ ವಿಚಿತ್ರ ಲ್ಯಾಟಿನ್ ಅಕ್ಷರ ಕಂಡರೆ ಗಾಬರಿ ಬೇಡ, ಉಳಿಸದೆ ಮುಚ್ಚಿ, ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆಯಿರಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಮತ್ತು ಫೈಲಿನಲ್ಲಿರುವ ಬೈಟು ನಿಜಕ್ಕೂ 63 (ಆಸ್ಕಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಸಂಖ್ಯೆ) ಆಗಿದ್ದರೆ, ಅಕ್ಷರ ಹೋದದ್ದು ಹೋಯಿತು. ಹಳೆಯ ಪ್ರತಿ ಹುಡುಕಿ. ಬರೀ ಚೌಕಗಳು ಕಂಡರೆ ಹೆಚ್ಚಾಗಿ ಫಾಂಟ್ ಇಲ್ಲ ಅಷ್ಟೇ, ಪಠ್ಯ ಕ್ಷೇಮ.

ಸ್ಪ್ರೆಡ್‌ಶೀಟಿಗೆ ಕಳಿಸುವ ಸಿಎಸ್‌ವಿಗೆ ಮಾತ್ರ ಬಾಮ್ ಸಹಿತ ಯುಟಿಎಫ್-8 ಆರಿಸಿ. ತಲೆಯಲ್ಲಿ ಬರುವ 239, 187, 191 ಎಂಬ ಮೂರು ಬೈಟು ಅಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ. ಬೇರೆಲ್ಲ ಕಡೆ ಬಾಮ್ ಇಲ್ಲದ ಯುಟಿಎಫ್-8. ಲಿನಕ್ಸಿನ ಸ್ಕ್ರಿಪ್ಟುಗಳಿಗೆ ಬಾಮ್ ಹಾಕಿದರೆ ಮೊದಲ ಸಾಲೇ ಅರ್ಥವಾಗದೆ ನಿಂತುಬಿಡುತ್ತದೆ.

ಹೊಸ ತಂತ್ರಾಂಶಕ್ಕೆ ಪಠ್ಯ ಒಪ್ಪಿಸುವ ಮೊದಲು ನಾನು ಈ ಒಂದು ಸಾಲನ್ನು ಅದರೊಳಗೆ ಕಳಿಸಿ ಹೊರಗೆ ತೆಗೆಯುತ್ತೇನೆ:

ಏಣಿ ಐದು ಝರಿ ಕಠಿಣ ಸ್ತ್ರೀ 😀

ಮೇಲೆ ಹೇಳಿದ ಎಲ್ಲ ನಾಜೂಕು ಬೈಟುಗಳೂ, ನಾಲ್ಕು ಬೈಟಿನ ಒಂದು ಇಮೋಜಿಯೂ ಇದರಲ್ಲಿವೆ. ಕೊನೆಗೆ ಸಾಲು ಮುರಿಯದೆ ಫೈಲಾಗಿ ಉಳಿಸಿದರೆ ಗಾತ್ರ 66 ಬೈಟು ಇರಬೇಕು. 69 ಬಂದರೆ ಬಾಮ್ ಸೇರಿದೆ, ಅಥವಾ ‘ಸ್ತ್ರೀ’ಯ ದೀರ್ಘ ಬೇರೆ ಸಂಕೇತವಾಗಿ ಒಡೆದಿದೆ. 52 ಎಂದರೆ ಯುಟಿಎಫ್-16, 100 ಎಂದರೆ ಯುಟಿಎಫ್-32. 130ರ ಆಸುಪಾಸು ಕಂಡರೆ ಯಾರೋ ನಡುವೆ ತಪ್ಪು ಪಟ್ಟಿ ಹಿಡಿದು ಓದಿ ಮತ್ತೆ ಯುಟಿಎಫ್-8 ಮಾಡಿದ್ದಾರೆ. 25 ಅಥವಾ 26 ಬಂದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿದೆ, ಆ ತಂತ್ರಾಂಶಕ್ಕೆ ನಿಮ್ಮ ಪಠ್ಯ ಕೊಡಬೇಡಿ.